ಲಕ್ಷ್ಮಿಯ ಬೆನ್ನ ಹಿಂದಿನ ಆಂಟೆನಾ

ಧೈರ್ಯವಂತರ ಬಗ್ಗೆ ನನಗೆ ಮೊದಲಿನಿಂದಲೂ ಒಂದು ಅನುಮಾನವಿದೆ. ಅವರಿಗೆ ಹೆದರಿಕೆಯೇ ಇಲ್ಲ ಎನ್ನುವುದಕ್ಕಿಂತ, ಮುಂದೆ ಏನೇನಾಗಬಹುದು ಎಂದು ಕೂತು ಯೋಚಿಸುವಷ್ಟು ಪುರುಸೊತ್ತು ಇಲ್ಲ ಎನ್ನುವುದೇ ಸರಿಯೆಂದು ಕಾಣುತ್ತದೆ. ನನಗೆ ಆ ಪುರುಸೊತ್ತು ಧಾರಾಳವಾಗಿದೆ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಬಸ್ ಸ್ಟಾಪಿನಿಂದ ಮನೆಗೆ ವಾಪಸ್ಸು ಬಂದಿದ್ದೇನೆ. ಬಂದು ನೋಡಿ, ನೋಡಿದ್ದನ್ನು ಸರಿಯಾಗಿ ನೋಡಿದೆನೋ ಇಲ್ಲವೋ ಎಂದು ಗೇಟಿನಿಂದ ಮತ್ತೊಮ್ಮೆ ಬಂದಿದ್ದೇನೆ. ಲಿಫ್ಟಿನಲ್ಲಿ ಒಬ್ಬಳೇ ಹೋಗಲು ಹೆದರಿಕೆ, ಗುರುತಿಲ್ಲದವರು ಹತ್ತಿದರೆ ಇನ್ನೂ ಹೆದರಿಕೆ. ಫೋನು ಹೊಡೆದುಕೊಂಡರೆ ಕೆಟ್ಟ ಸುದ್ದಿ ಎಂದುಕೊಳ್ಳುತ್ತೇನೆ. ಎರಡು ದಿನ ಹೊಡೆದುಕೊಳ್ಳದಿದ್ದರೆ ಅದಕ್ಕಿಂತ ಕೆಟ್ಟ ಸುದ್ದಿಯನ್ನು ನನ್ನಿಂದ ಮುಚ್ಚಿಡುತ್ತಿದ್ದಾರೆ ಎಂದುಕೊಳ್ಳುತ್ತೇನೆ. ಮದುವೆಯಾದ ಹೊಸದರಲ್ಲಿ ನಮ್ಮವರು, ರಘು ಎಂದು ಅವರ ಹೆಸರು, ಬೆರಗಾಗಿ ಕೇಳಿದ್ದರು: “ಇಷ್ಟೊಂದು ಪುಕ್ಕಲಿ ನೀನು, ಅದ್ಹೇಗೆ ದಿನಾ ಕರೆಂಟ್ ಜೊತೆ ಕೆಲಸ ಮಾಡ್ತೀಯೇ?” ನಾನು ಎಲೆಕ್ಟ್ರಾನಿಕ್ಸ್ ಓದಿದವಳು. ಕರೆಂಟಿಗೆ ನಾನು ಹೆದರುವುದಿಲ್ಲ. ಅದು ಯಾವ ದಾರಿ ಹಿಡಿಯುತ್ತದೆಂದು ಮೊದಲೇ ಹೇಳಬಹುದು. ಮನುಷ್ಯರ ವಿಷಯದಲ್ಲಿ ಹಾಗೆ ಹೇಳಲು ಬರುವುದಿಲ್ಲ. ಅದರಲ್ಲೂ ಆ ಕಾಲಕ್ಕೆ ಇಬ್ಬರ ಹೆಸರು ಕೇಳಿದರೆ ಸಾಕು, ನನ್ನ ಬಾಯಿ ಒಣಗುತ್ತಿತ್ತು. ಕಾಲೇಜಿನಲ್ಲಿ ನಮ್ಮ ವಿಭಾಗದ ಮುಖ್ಯಸ್ಥರಾದ ಎಚ್.ಓ.ಡಿ. ಸಾಹೇಬರು, ಮನೆಯಲ್ಲಿ ನಮ್ಮ ಅತ್ತೆ. ಇವರಿಬ್ಬರ ನಡುವೆ ಒಂದು ಕಾಗದದ ಆಂಟೆನಾ ಸಿಕ್ಕಿಹಾಕಿಕೊಂಡ ಕಥೆಯನ್ನು ಈಗ ಹೇಳುತ್ತೇನೆ.

ಆಂಟೆನಾಕ್ಕೂ ನನ್ನ ಹೆದರಿಕೆಗೂ ಹಳೆಯ ನಂಟು. ತೊಂಬತ್ತರ ದಶಕದ ಶುರುವಿನಲ್ಲಿ ಬನಶಂಕರಿಯ ನಮ್ಮ ಬಾಡಿಗೆ ಮನೆಯ ತಾರಸಿಯ ಮೇಲೆ ಅಲ್ಯೂಮಿನಿಯಂ ಕಡ್ಡಿಗಳ ಆಂಟೆನಾ ಒಂದಿತ್ತು. ಭಾನುವಾರ ಸಂಜೆ ಸಿನಿಮಾ ಶುರುವಾಗುವ ಹೊತ್ತಿಗೆ ಸರಿಯಾಗಿ ಕಾಗೆಯೊಂದು ಅದರ ಮೇಲೆ ಕೂತು ದಿಕ್ಕು ತಪ್ಪಿಸುತ್ತಿತ್ತು. ಅಪ್ಪ ಪಂಚೆ ಎತ್ತಿ ಕಟ್ಟಿಕೊಂಡು ಮೇಲೆ ಹತ್ತುತ್ತಿದ್ದರು. ಅಮ್ಮ ಟಿವಿ ಮುಂದೆ, ನಾನು ಮಧ್ಯದ ಮೆಟ್ಟಿಲ ಮೇಲೆ. “ಬಂತಾ?” ಎಂದು ಮೇಲಿನಿಂದ ಕೂಗು. “ಬಂತು!” ಎಂದು ನಾನು ಕೂಗಿ, ಅಪ್ಪ ಕಂಬದಿಂದ ಕೈ ತೆಗೆದ ತಕ್ಷಣ ಚಿತ್ರ ಮಾಯವಾಗಿ ಇರುವೆಗಳು ಹರಿದಾಡಲು ಶುರು. “ಸರಿಯಾಗಿ ನೋಡಿ ಹೇಳಕ್ಕಾಗಲ್ವೇನೇ ನಿಂಗೆ?” ಎಂಬ ಬೈಗುಳವೂ ನನಗೇ. ಆಂಟೆನಾ ಹಿಡಿದು ನಿಂತ ಅಪ್ಪನ ಮೈಯೂ ಆಂಟೆನಾದ ಒಂದು ಭಾಗವೇ ಆಗಿತ್ತು, ಅವರು ಸರಿದರೆ ಸಿಗ್ನಲ್ಲೂ ಸರಿಯುತ್ತಿತ್ತು ಎಂದು ನನಗೆ ಗೊತ್ತಾದದ್ದು ಇಂಜಿನಿಯರಿಂಗ್ ಓದುವಾಗ. ಓಡಿ ಬಂದು ಅಪ್ಪನಿಗೆ ಹೇಳಿದೆ, ತಪ್ಪು ನನ್ನದಾಗಿರಲಿಲ್ಲ ಎಂದು. ಅವರು ಪೇಪರಿನಿಂದ ತಲೆಯೆತ್ತದೆ, “ಹಾಗಾದ್ರೆ ಸಿನಿಮಾ ಮುಗಿಯೋವರ್ಗೂ ನಾನು ಮೇಲೇ ನಿಂತಿರಬೇಕಿತ್ತಾ?” ಎಂದರು. ವಿಜ್ಞಾನದಿಂದ ಮನೆಯಲ್ಲಿ ನ್ಯಾಯ ಸಿಗುವುದಿಲ್ಲವೆಂದು ನನಗೆ ಅವತ್ತೇ ಅರ್ಥವಾಗಬೇಕಿತ್ತು.

ಆಗಲಿಲ್ಲ. ಹತ್ತು ಹನ್ನೆರಡು ವರ್ಷ ಕಳೆದು, ಬನಶಂಕರಿಯಿಂದಾಚೆ ಇದ್ದ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಆಂಟೆನಾಗಳ ಮೇಲೆಯೇ ಸಂಶೋಧನೆಯ ಕೆಲಸಕ್ಕೆ ಸೇರಿದೆ. ಜಪಾನಿನವರು ಕಾಗದ ಮಡಿಸಿ ಕೊಕ್ಕರೆ, ಕಪ್ಪೆ ಮಾಡುತ್ತಾರಲ್ಲ, ಆ ಒರಿಗಾಮಿ ಮಡಿಕೆಯ ಲೆಕ್ಕಾಚಾರದಿಂದ ಆಂಟೆನಾ ಮಾಡಬಹುದೇ ಎಂಬುದು ನಮ್ಮ ಯೋಜನೆ. ಗಟ್ಟಿ ಕಾಗದದ ಹಾಳೆಯ ಮೇಲೆ ತಾಮ್ರದ ತೆಳುವಾದ ಪಟ್ಟಿ ಅಂಟಿಸಿ, ಏರು ತಗ್ಗು ಏರು ತಗ್ಗು ಎಂದು ಮಡಿಸಬೇಕು. ಒಂದು ತುದಿ ಹಿಡಿದು ಎಳೆದರೆ ಇಡೀ ಹಾಳೆ ಒಟ್ಟಿಗೇ ಬಿಚ್ಚಿಕೊಳ್ಳುತ್ತದೆ, ಒತ್ತಿದರೆ ಒಟ್ಟಿಗೇ ಮುಚ್ಚಿಕೊಳ್ಳುತ್ತದೆ. ಕೊಳಲಿನ ತೂತು ಮುಚ್ಚಿ ತೆರೆದರೆ ಸ್ವರ ಬದಲಾಗುವ ಹಾಗೆ, ಪೂರ್ತಿ ಬಿಚ್ಚಿದಾಗ ಅದು ಒಂದು ಅಲೆಗೆ ಕಿವಿಗೊಡುತ್ತದೆ, ಅರ್ಧ ಮಡಿಸಿದಾಗ ಇನ್ನೊಂದಕ್ಕೆ, ಪೂರ್ತಿ ಮಡಿಸಿದಾಗ ಮತ್ತೊಂದಕ್ಕೆ. ಮೂರು ಆಂಟೆನಾ ಮಾಡುವ ಕೆಲಸವನ್ನು ಒಂದೇ ಮಾಡುತ್ತದೆ, ಜೊತೆಗೆ ಕೈಚೀಲದಲ್ಲಿ ಹಿಡಿಸುತ್ತದೆ. ಹೇಳುವಾಗ ಚೆಂದ. ಮಾಡುವಾಗ ಮಾತ್ರ ತಾಮ್ರ ಪ್ರತಿ ಮಡಿಕೆಯಲ್ಲೂ ಬಿರುಕು ಬಿಡುತ್ತಿತ್ತು. ಬಿರುಕು ಬಿಟ್ಟರೆ ಕರೆಂಟು ಹರಿಯದು, ಆಂಟೆನಾ ಸತ್ತಹಾಗೆ. ನಾನು ಮಾಡಿದ್ದವೆಲ್ಲ ಹಾಗೆಯೇ ಸತ್ತಿದ್ದವು. ಕೊನೆಗೊಂದು ಬದುಕಿತು. ಅದನ್ನು ನೋಡಲು ಶ್ರಾವಣದ ಒಂದು ಶನಿವಾರ ಹೊರಗಿನಿಂದ ಮೂವರು ಹಿರಿಯ ಪ್ರೊಫೆಸರುಗಳ ಸಮಿತಿ ಬರುವುದೆಂದು ಗೊತ್ತಾಯಿತು. ಅವರು ಒಪ್ಪಿದರೆ ಯೋಜನೆ ಮುಂದುವರಿಯುತ್ತದೆ, ಒಪ್ಪದಿದ್ದರೆ ಮುಚ್ಚುತ್ತದೆ. ನನ್ನ ಕೆಲಸವೂ ಯೋಜನೆ ಇರುವವರೆಗಷ್ಟೇ ಇದ್ದದ್ದು. ಎಚ್.ಓ.ಡಿ. ಸಾಹೇಬರು ನನ್ನನ್ನು ಕರೆದು, ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, “ನೋಡಮ್ಮಾ, ಇರೋದು ಒಂದೇ ಪೀಸು. ಅದಕ್ಕೇನಾದ್ರೂ ಆದ್ರೆ ನಾನಂತೂ ಏನೂ ಮಾಡಕ್ಕಾಗಲ್ಲ” ಎಂದರು. ಅವರು ಕನ್ನಡಕ ತೆಗೆದರೆ ಮಾತು ಮುಗಿಯಿತೆಂದೇ ಲೆಕ್ಕ.

ಪ್ರಯೋಗಾಲಯದ ಗೋಡೆ ಮಳೆಗೆ ಒಸರುತ್ತಿತ್ತು. ಕಾಗದಕ್ಕೆ ತೇವ ಹಿಡಿದರೆ ಮಡಿಕೆ ನಿಲ್ಲುವುದಿಲ್ಲ. ಅದು ಸಾಲದೆಂದು ಬೀರುವಿನ ಹಿಂದೆ ಇಲಿ ಬೇರೆ. ಶುಕ್ರವಾರ ವರಮಹಾಲಕ್ಷ್ಮಿ ಹಬ್ಬಕ್ಕೆ ನಾನು ರಜೆ ಹಾಕಿದ್ದೆ. ಒಂದು ದಿನ ಪೂರ್ತಿ ಆ ಇಲಿಯ ಜೊತೆ ಆಂಟೆನಾವನ್ನು ಬಿಟ್ಟಿರಲು ನನ್ನಿಂದ ಆಗಲಿಲ್ಲ. ಗುರುವಾರ ಮಧ್ಯಾಹ್ನವೇ ಅದನ್ನು ಜೋಪಾನವಾಗಿ ಮಡಿಸಿ, ರೇಷ್ಮೆ ಸೀರೆಯ ಒಂದು ಖಾಲಿ ರಟ್ಟಿನ ಡಬ್ಬಿಯಲ್ಲಿಟ್ಟು, ಡಬ್ಬಿಯನ್ನು ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಆಟೋದಲ್ಲಿ ಜಯನಗರದ ಮನೆಗೆ ತಂದೆ. ಪ್ರತಿ ಹಳ್ಳದಲ್ಲೂ, “ಸ್ವಲ್ಪ ನಿಧಾನ ಅಣ್ಣ” ಎಂದೆ. ಮನೆಯಲ್ಲಿ ಅತಿ ಸುರಕ್ಷಿತ ಜಾಗವೆಂದು ನನಗೆ ತೋರಿದ್ದು ದೇವರ ಕೋಣೆಯ ಪಕ್ಕದ ಗೋಡೆ ಬೀರು. ಅಲ್ಲಿ ಇಲಿಯಿಲ್ಲ, ತೇವವಿಲ್ಲ, ನಮ್ಮವರೂ ಕೈಹಾಕುವುದಿಲ್ಲ. ಅತ್ತೆ ಕೈಹಾಕುತ್ತಾರೆ ಎಂಬುದು ಮಾತ್ರ, ಜಗತ್ತಿನ ಎಲ್ಲ ಅಪಾಯಗಳನ್ನೂ ಮೊದಲೇ ಊಹಿಸಬಲ್ಲ ನನ್ನ ತಲೆಗೆ ಹೊಳೆಯಲಿಲ್ಲ. ಡಬ್ಬಿಯನ್ನು ಅಲ್ಲಿಟ್ಟು, ನಮ್ಮವರನ್ನು ಕರೆದುಕೊಂಡು ನಾಲ್ಕನೇ ಬ್ಲಾಕಿಗೆ ಹೂವು, ಬಾಳೆಕಂದು, ತಾವರೆ ತರಲು ಹೋದೆ.

ವರಮಹಾಲಕ್ಷ್ಮಿ ಹಬ್ಬದ ಹಿಂದಿನ ಸಂಜೆ ನಾಲ್ಕನೇ ಬ್ಲಾಕಿಗೆ ಹೋದವರು ಅಷ್ಟು ಬೇಗ ವಾಪಸ್ಸು ಬರುವ ಹಾಗಿಲ್ಲ. ಬಂದಾಗ ದೀಪ ಹಚ್ಚಿಯಾಗಿತ್ತು. ಅತ್ತೆ ಹಜಾರದಲ್ಲಿ ಲಕ್ಷ್ಮಿಯನ್ನು ಅಲಂಕರಿಸಿ ಮುಗಿಸಿದ್ದರು. ಕಲಶಕ್ಕೆ ಬೆಳ್ಳಿಯ ಮುಖವಾಡ ಕಟ್ಟಿ, ಹಸಿರು ರೇಷ್ಮೆ ಸೀರೆಯನ್ನು ಸಣ್ಣ ಸಣ್ಣ ನೆರಿಗೆ ಹಿಡಿದು ಉಡಿಸಿ, ಮೈತುಂಬ ಒಡವೆ ಹಾಕಿದ್ದರು. ಎಲ್ಲ ಪ್ರತಿ ವರ್ಷದ ಹಾಗೆಯೇ. ಒಂದು ಮಾತ್ರ ಹೊಸದು. ದೇವಿಯ ಬೆನ್ನ ಹಿಂದೆ, ಪ್ರಭಾವಳಿಯ ಜಾಗದಲ್ಲಿ, ತಾಮ್ರದ ಪಟ್ಟಿಗಳು ಥಳಥಳ ಹೊಳೆಯುವ ನನ್ನ ಆಂಟೆನಾ ಪೂರ್ತಿ ಬಿಚ್ಚಿಕೊಂಡು ನಿಂತಿತ್ತು. ಸುತ್ತ ಮಲ್ಲಿಗೆ ಹಾರ, ಅದರ ಮೇಲೆ ಮಿಣಮಿಣ ಎನ್ನುವ ಸೀರಿಯಲ್ ಸೆಟ್ಟು. ಬಾಳೆಕಂದು ನನ್ನ ಕೈಯಿಂದ ಜಾರಿತು. ಅತ್ತೆಯ ತಪ್ಪು ಎಂದು ಹೇಗೆ ಹೇಳುವುದು? ಹಬ್ಬದ ವಾರ ಅಂಗಡಿಗಳಲ್ಲಿ ದೇವಿಯ ಹಿಂದೆ ಇಡಲೆಂದು ಥೇಟ್ ಇಂಥದ್ದೇ ನೆರಿಗೆ ನೆರಿಗೆಯ ಜರಿ ಕಾಗದ ತೂಗುಹಾಕಿರುತ್ತಾರೆ. ದೇವರ ಕೋಣೆ ಪಕ್ಕದಲ್ಲಿ, ಹೊಸ ಡಬ್ಬಿಯಲ್ಲಿ, ಹಬ್ಬದ ಹಿಂದಿನ ದಿನ ಸೊಸೆ ಅಂಥದ್ದೊಂದನ್ನು ತಂದಿಟ್ಟರೆ ಯಾವ ಅತ್ತೆ ತಾನೆ ಅದು ಆಂಟೆನಾ ಎಂದುಕೊಳ್ಳುತ್ತಾರೆ?

“ಸುಧಾ, ಎಷ್ಟು ಚೆನ್ನಾಗಿರೋದು ತಂದಿದೀಯೇ!” ಎಂದರು ಅತ್ತೆ. “ಅಂಗಡೀಲಿ ಸಿಗೋದು ಹೀಗೆ ನಿಲ್ಲೋದೇ ಇಲ್ಲ, ಜೋಲು ಬೀಳುತ್ತೆ. ಇದು ನೋಡು, ಎಳೆದ್ರೆ ಒಂದೇ ಸಲ ಬಿಚ್ಕೊಂಡ್ಬಿಡ್ತು. ನಿನಗೆ ಇಷ್ಟೊಂದು ಶ್ರದ್ಧೆ ಇದೆ ಅಂತ ನಂಗೆ ಗೊತ್ತೇ ಇರ್ಲಿಲ್ಲ.”

ಮದುವೆಯಾಗಿ ನಾಲ್ಕು ವರ್ಷವಾಗಿತ್ತು. ನಮ್ಮ ಅತ್ತೆ ನನ್ನನ್ನು ಹೊಗಳಿದ್ದು ಅದೇ ಮೊದಲು. ಆ ಕ್ಷಣದಲ್ಲೇ, “ಅತ್ತೆ, ಅದು ಅಲಂಕಾರದ್ದಲ್ಲ, ನನ್ನ ಕಾಲೇಜಿಂದು” ಎಂದಿದ್ದರೆ ಮುಗಿದುಹೋಗುತ್ತಿತ್ತು. ದೇವಿಯ ಆವಾಹನೆಯಾಗುವುದು ಮರುದಿನ ಬೆಳಿಗ್ಗೆ. ಗುರುವಾರ ಸಂಜೆಗೆ ಅದಿನ್ನೂ ಬರೀ ಕಲಶ, ಬರೀ ಕಾಗದ. ಆದರೆ ಹೆದರಿದಾಗ ನನಗೆ ಮಾತು ಬರುವುದಿಲ್ಲ. ನಾಲಗೆ ಅಂಗುಳಿಗೆ ಅಂಟಿಕೊಳ್ಳುತ್ತದೆ, ಕಣ್ಣು ರೆಪ್ಪೆ ಬಡಿಯದೆ ಎದುರಿನವರನ್ನೇ ನೋಡುತ್ತದೆ. ಹಾಗೆ ಅತ್ತೆಯನ್ನು ನೋಡಿದೆ. ಒಳಗೆ ಹೋಗಿ ನಮ್ಮವರಿಗೆ ಹೇಳಿದೆ. “ರೀ, ನೀವಾದ್ರೂ ಹೇಳಿ ಅಮ್ಮಂಗೆ. ಅದು ಹೋದ್ರೆ ನನ್ನ ಕೆಲಸಾನೇ ಹೋಗುತ್ತೆ.” ಬ್ಯಾಂಕಿನಲ್ಲಿ ನೂರು ಜನರ ಜಗಳ ಬಿಡಿಸುವ ಮನುಷ್ಯ, ಬನಿಯನ್ನಿನ ಒಳಗೆ ತಲೆ ತೂರಿಸಿಕೊಂಡು ಅಲ್ಲಿಂದಲೇ, “ಹಬ್ಬದ ದಿನ ಯಾಕೆ ಮನೇಲಿ ರಾಮಾಯಣ? ಶನಿವಾರ ಬೆಳಿಗ್ಗೆ ಹೇಗೂ ಕದಲಿಸ್ತಾರೆ. ಆಮೇಲೆ ತಗೊಂಡು ಹೋಗು” ಎಂದರು. ನಮ್ಮ ಮನೆಯಲ್ಲಿ ಶುಕ್ರವಾರ ಲಕ್ಷ್ಮಿಯನ್ನು ಕಳಿಸಬಾರದೆಂದು ಶನಿವಾರ ಬೆಳಿಗ್ಗೆ ಇನ್ನೊಂದು ಪೂಜೆ ಮಾಡಿ ಕಲಶ ಕದಲಿಸುವುದು ರೂಢಿ. ಸಮಿತಿ ಬರುವುದು ಅದೇ ದಿನ ಹನ್ನೊಂದರ ಮೇಲೆ. ಲೆಕ್ಕ ಸರಿಹೋಗುತ್ತಿತ್ತು. ಹೇಡಿಗಳಿಗೆ ಲೆಕ್ಕ ಸರಿಹೋದರೆ ಅದಕ್ಕಿಂತ ದೊಡ್ಡ ಆಸರೆಯಿಲ್ಲ, ನಾನೂ ಸುಮ್ಮನಾದೆ.

ಶುಕ್ರವಾರ ಬೆಳಿಗ್ಗೆ ಪೂಜೆ ಶುರುವಾದಾಗಲೇ ನಾನು ಎಂಥ ತಪ್ಪು ಮಾಡಿದೆನೆಂದು ತಿಳಿದದ್ದು. ಕಾಗದದ ಆಂಟೆನಾ, ಅದರ ಎರಡೂ ಪಕ್ಕ ಎರಡೆರಡು ಎಣ್ಣೆ ದೀಪ. ಫ್ಯಾನು ಹಾಕಿದರೆ ದೀಪ ಆರುತ್ತದೆಂದು ಅತ್ತೆ, ಹಾಕದಿದ್ದರೂ ಕಿಟಕಿಯಿಂದ ಗಾಳಿ ಬಂದು ಜ್ವಾಲೆ ಅತ್ತ ವಾಲುತ್ತದೆಂದು ನಾನು. ಹೋಗಿ ಕಿಟಕಿ ಮುಚ್ಚಿದೆ. ಅತ್ತೆ ಪಂಚಾಮೃತದ ಉದ್ಧರಣೆ ಎತ್ತಿದಾಗ ಒಂದು ಹನಿ ಹಿಂದಕ್ಕೆ ಹಾರಿತು. ಅದು ಎಲ್ಲಿ ಬಿತ್ತೆಂದು ನೋಡಲು ನಾನು ಕುತ್ತಿಗೆ ಚಾಚಿದೆ. ಪ್ರತಿ ನಾಮಕ್ಕೂ ಅಕ್ಷತೆ, ಪ್ರತಿ ಅಕ್ಷತೆಯೂ ಕಾಗದದ ಮೇಲೆ ಟಪ್ ಎಂದು ಬಿದ್ದ ಸದ್ದು. ನೂರೆಂಟು ನಾಮ ಯಾಕೆ ಬೇಕಿತ್ತು ಎಂಬ ಯೋಚನೆ ಬಂದು, ಅಂಥ ಯೋಚನೆ ಬಂತಲ್ಲ ಎಂದು ಅದಕ್ಕೂ ಹೆದರಿ ಕೆನ್ನೆ ಬಡಿದುಕೊಂಡೆ. ಕೊನೆಗೆ ಮಂಗಳಾರತಿ. ಅತ್ತೆ ಅಗಲವಾದ ತಟ್ಟೆಯಲ್ಲಿ ಕರ್ಪೂರದ ಗುಡ್ಡೆಯನ್ನೇ ಹಚ್ಚಿದರು. ತಟ್ಟೆ ಎಡಕ್ಕೆ ಹೋದಾಗ ನನ್ನ ಜೀವ ಎಡಕ್ಕೆ, ಬಲಕ್ಕೆ ಬಂದಾಗ ಬಲಕ್ಕೆ. ಜ್ವಾಲೆಯ ತುದಿ ಮಡಿಕೆಯ ಹತ್ತಿರ ಹೋದಾಗ ನಾನು ಎರಡೂ ಕೈ ಮುಗಿದು, “ತಾಯೀ, ಕಾಪಾಡು” ಎಂದು ಎಲ್ಲರಿಗೂ ಕೇಳುವಂತೆ ಕೂಗಿಬಿಟ್ಟೆ. ಅಷ್ಟು ಮನಸ್ಸಿಟ್ಟು ನಾನು ಯಾವತ್ತೂ ದೇವರನ್ನು ಕರೆದದ್ದಿಲ್ಲ.

ಮಧ್ಯಾಹ್ನದ ಮೇಲೆ ಅರಿಶಿನ ಕುಂಕುಮಕ್ಕೆ ಹೆಂಗಸರು ಬರತೊಡಗಿದರು. ನಾನು ದೇವಿಯ ಪಕ್ಕದಲ್ಲೇ ಚಾಪೆ ಹಾಕಿ ಕೂತೆ. ಏಳಲಿಲ್ಲ. ಬಂದವರಿಗೆ ತಾಂಬೂಲ ಕೊಡುವ ಕೆಲಸ ಅತ್ತೆಗೆ ಬಿಟ್ಟು, ಕಣ್ಣು ಕೀಳದೆ ಆ ಕಾಗದವನ್ನೇ ನೋಡುತ್ತ ಕೂತೆ. ಊದುಬತ್ತಿಯ ಬೂದಿ ಬಾಗಿದರೆ ಅಂಗೈ ಒಡ್ಡುತ್ತಿದ್ದೆ. ಎದುರುಮನೆಯ ವಿಮಲಮ್ಮ ತಮ್ಮ ಸೊಸೆಯನ್ನು ಮೊಣಕೈಯಿಂದ ತಿವಿದು, “ನೋಡ್ಕೋ, ಇಂಜಿನಿಯರ್ ಆಗಿದ್ರೂ ಎಂಥ ಭಕ್ತಿ! ಬೆಳಿಗ್ಗೆಯಿಂದ ಒಂದು ತೊಟ್ಟು ಕಾಫಿ ಕುಡಿದಿಲ್ವಂತೆ” ಎಂದರು. ಆ ಹುಡುಗಿ ನನ್ನನ್ನು ನೋಡಿದ ನೋಟದಲ್ಲಿ ಭಕ್ತಿಯೇನೂ ಇರಲಿಲ್ಲ. ವಿಮಲಮ್ಮ ಅಷ್ಟಕ್ಕೇ ಬಿಡದೆ, “ಎಲ್ಲಿ ತಗೊಂಡ್ರಿ ಇದನ್ನ? ಏನ್ ಹೊಳಪು!” ಎನ್ನುತ್ತ ಬೆರಳು ಚಾಚಿ ಒಂದು ಮಡಿಕೆಯನ್ನು ಒತ್ತಿಯೇಬಿಟ್ಟರು. ನನ್ನ ಗಂಟಲಿನಿಂದ ಹೊರಟ ಸದ್ದು ಏನೆಂದು ನನಗೇ ಗೊತ್ತಾಗಲಿಲ್ಲ. ವಿಮಲಮ್ಮ ಕೈ ಹಿಂದಕ್ಕೆಳೆದುಕೊಂಡು, “ಮಡಿಯಲ್ಲಿದೀರಾ? ಸಾರಿ ಕಣ್ರೀ” ಎಂದರು.

ಸಂಜೆ ಎಚ್.ಓ.ಡಿ. ಸಾಹೇಬರ ಫೋನು. ಮೊಬೈಲು ಹಿಡಿದು ಅಂಗಳಕ್ಕೆ ಓಡಿದೆ. “ಏನಮ್ಮಾ, ಪೀಸು ಸೇಫಾಗಿದೆ ತಾನೆ?” ಎಂದರು. “ಸೇಫಾಗಿದೆ ಸಾರ್. ಬಹಳ ಒಳ್ಳೇ ಜಾಗದಲ್ಲಿದೆ ಸಾರ್” ಎಂದೆ. “ಯಾರೂ ಮುಟ್ಟಲ್ಲ ತಾನೆ?” “ಮುಟ್ಟೋ ಹಾಗೇ ಇಲ್ಲ ಸಾರ್.” ಒಂದೂ ಸುಳ್ಳಿಲ್ಲ. ಒಳಗೆ ಬಂದಾಗ ಅತ್ತೆ ಬಾಗಿಲ ಬಳಿಯೇ ನಿಂತಿದ್ದರು. ಮುಖ ಗಂಭೀರವಾಗಿತ್ತು. “ಸುಧಾ, ಈ ಸಲ ನಾಳೆ ಬೆಳಿಗ್ಗೆ ಕದಲಿಸೋದು ಬೇಡ. ಸಂಜೆ ದೀಪ ಹಚ್ಚಿದ ಮೇಲೆ ಕದಲಿಸೋಣ. ನಮ್ಮ ಅತ್ತೆ ಕಾಲದಲ್ಲಿ ಹಾಗೇ ಮಾಡ್ತಿದ್ರು” ಎಂದರು. ನಮ್ಮ ಅತ್ತೆಯ ಅತ್ತೆಯನ್ನು ನಾನು ಕಂಡಿಲ್ಲ, ಗೋಡೆಯ ಮೇಲಿನ ಫೋಟೋದಲ್ಲಿ ನೋಡಿದ್ದೇನೆ. ಅವರ ಮಾತಿಗೆ ಎದುರಾಡುವುದು ಅವರು ಬದುಕಿದ್ದಾಗಲೇ ಯಾರಿಗೂ ಸಾಧ್ಯವಿರಲಿಲ್ಲವಂತೆ. ಫೋಟೋ ಆದ ಮೇಲೆ ಕೇಳಬೇಕೆ? ನಾಲ್ಕು ವರ್ಷ ಬೆಳಿಗ್ಗೆ ಕದಲಿಸಿದವರಿಗೆ ಈ ವರ್ಷವೇ ಹಳೆಯ ಪದ್ಧತಿ ಏಕೆ ನೆನಪಾಯಿತು? ನನ್ನ ಮೇಲೆ ಯಾವುದೋ ಸಿಟ್ಟಿಗೆ ಹೀಗೆ ಮಾಡುತ್ತಿದ್ದಾರೆ ಎನ್ನಿಸಿತು. ತಿರುಗಿ ಮಾತಾಡಲು ಬಾಯಿ ತೆರೆದೆ. ನಾಲಗೆ ಅಂಗುಳಿಗೆ ಅಂಟಿತು. ಅತ್ತೆಯನ್ನೇ ನೋಡುತ್ತ ನಿಂತೆ. ಅವರೂ ಒಂದು ಗಳಿಗೆ ನನ್ನನ್ನು ನೋಡಿ, ಸೆರಗು ಸರಿಮಾಡಿಕೊಂಡು ಅಡುಗೆಮನೆಗೆ ಹೋಗಿಬಿಟ್ಟರು.

ಆ ರಾತ್ರಿ ನಾನು ಹೇಗೆ ಕಳೆದೆನೆಂದು ವರ್ಣಿಸುವುದು ಬೇಡ. ಬೆಳಗಿನ ಹೊತ್ತಿಗೆ ನನ್ನ ಹೆದರಿಕೆಗಳು ಒಂದರ ಮೇಲೊಂದು ಬಿದ್ದು ಜಗಳ ಮುಗಿಸಿದ್ದವು. ಕೆಲಸ ಹೋಗುವ ಹೆದರಿಕೆ ಗೆದ್ದಿತ್ತು. ಎಚ್.ಓ.ಡಿ. ಬೈಗುಳವನ್ನು ಒಬ್ಬಳೇ ಕೇಳಬೇಕು, ಅತ್ತೆಯ ಬೈಗುಳಕ್ಕೆ ನಮ್ಮವರನ್ನಾದರೂ ಜೊತೆಗೆ ನಿಲ್ಲಿಸಿಕೊಳ್ಳಬಹುದು. ತಲೆಗೆ ಸ್ನಾನ ಮಾಡಿ, ಒದ್ದೆ ಕೂದಲಿಗೆ ಟವಲು ಸುತ್ತಿ, ಹಜಾರದ ಕಡೆ ಹೊರಟೆ. ಅತ್ತೆ ಹೂವು ಬಿಡಿಸಲು ಹೊರಗೆ ಹೋಗಿರುವ ಸಮಯ ಅದು. ಯಾರೂ ಇಲ್ಲದಾಗ ಆಂಟೆನಾ ತೆಗೆದುಕೊಂಡು, ಆ ಜಾಗದಲ್ಲಿ ಒಂದು ಜರಿ ಶಲ್ಯ ಇಟ್ಟುಬಿಡುವುದು ನನ್ನ ಉಪಾಯ. ಕಾಲಿನ ಗೆಜ್ಜೆ ಸದ್ದಾಗದ ಹಾಗೆ ತುದಿಗಾಲಲ್ಲಿ ಹೋದೆ.

ಅಲ್ಲಿ ಅತ್ತೆ ಇದ್ದರು. ನೆಲದ ಮೇಲೆ ಕೂತು, ದೇವಿಯ ಬೆನ್ನ ಹಿಂದೆ ಕೈ ತೂರಿಸಿಕೊಂಡಿದ್ದರು. ಪಕ್ಕದಲ್ಲಿ ಗೋಂದಿನ ಬಾಟಲಿ. ನನ್ನನ್ನು ಕಂಡದ್ದೇ ಬೆಚ್ಚಿಬಿದ್ದು ಕೈ ಹೊರಗೆ ತೆಗೆದರು. ನಾನೂ ಬೆಚ್ಚಿಬಿದ್ದೆ. ಅತ್ತೆಯ ಬೆರಳುಗಳ ನಡುವೆ ಹಿತ್ತಾಳೆಯ ಒಂದು ಸಣ್ಣ ತಿರುಪು ಇತ್ತು. ಅದು ಆಂಟೆನಾವನ್ನು ಯಂತ್ರಕ್ಕೆ ಜೋಡಿಸುವ ಕನೆಕ್ಟರು, ಅದು ಕಿತ್ತುಬಂದಿದ್ದು ಮಲ್ಲಿಗೆ ಹಾರದ ಮರೆಯಲ್ಲಿ ನನಗೆ ಕಂಡೇ ಇರಲಿಲ್ಲ. ಅದಿಲ್ಲದಿದ್ದರೆ ಆಂಟೆನಾ ವಿಮಲಮ್ಮ ಅಂದುಕೊಂಡದ್ದೇ ಆಗುತ್ತದೆ, ಬರೀ ಹೊಳೆಯುವ ಕಾಗದ.

“ಬೈಬೇಡ ಕಣಮ್ಮ” ಎಂದರು ಅತ್ತೆ. ಅವರ ದನಿ ಅಷ್ಟು ಸಣ್ಣದಾಗಿದ್ದನ್ನು ನಾನು ಕೇಳಿರಲಿಲ್ಲ. “ಗುರುವಾರ ಇಡುವಾಗ ಮೂಲೇಲಿ ಇದೊಂದು ಕಾಣ್ತಿತ್ತು. ಅಂಗಡಿಯೋರು ತೂಗುಹಾಕೋಕೆ ಹಾಕಿರ್ತಾರೆ ಅಂದ್ಕೊಂಡು ಅಡಕತ್ತರೀಲಿ ಆ ತಂತಿ ಕತ್ತರಿಸ್ಬಿಟ್ಟೆ. ನಿನ್ನೆ ಮಧ್ಯಾಹ್ನ ರಘು ಹೇಳ್ದ, ಅದು ನಿನ್ನ ಕಾಲೇಜಿಂದು, ಅದು ಹೋದ್ರೆ ನಿನ್ನ ಕೆಲಸಾನೇ ಹೋಗುತ್ತೆ ಅಂತ. ನನ್ನ ಎದೆ ಒಡೆದುಹೋಯ್ತು. ಕತ್ತರಿಸಿದ್ದನ್ನ ಅವನಿಗೊಬ್ಬನಿಗೇ ಹೇಳ್ದೆ. ಸಂಜೆವರ್ಗೂ ಟೈಮ್ ಸಿಕ್ಕಿದ್ರೆ ಹೇಗಾದ್ರೂ ಅಂಟಿಸೋಣ ಅಂತ ಅತ್ತೆ ಹೆಸರು ಹೇಳ್ದೆ. ಅವರ ಕಾಲದಲ್ಲೂ ಬೆಳಿಗ್ಗೆನೇ ಕದಲಿಸ್ತಿದ್ದಿದ್ದು.”

“ನನ್ನನ್ನೇ ಕೇಳ್ಬಹುದಿತ್ತಲ್ಲ ಅತ್ತೆ?” ಎಂದೆ. ಎಂದಮೇಲೆ ನನಗೇ ನಾಚಿಕೆಯಾಯಿತು.

“ಹೇಗೇ ಕೇಳೋದು? ನೀನು ಮಾತೇ ಆಡಲ್ಲ. ಏನಾದ್ರೂ ಹೇಳಿದ್ರೆ ಸುಮ್ನೆ ನಿಂತು ಹಾಗೆ ನೋಡ್ತೀಯ. ಆ ನೋಟ ನೋಡಿದ್ರೆ ನಂಗೆ ಕೈಕಾಲೇ ಆಡಲ್ಲ. ನಿನ್ನೆ ಬೆಳಿಗ್ಗೆಯಿಂದ ನೀನು ಇಲ್ಲೇ ಕೂತು ಕಣ್ಣು ಬಿಟ್ಕೊಂಡು ಇದನ್ನೇ ನೋಡ್ತಿದ್ದೆ. ಎಲ್ರೂ ಭಕ್ತಿ ಅಂದ್ರು. ನಂಗೆ ಗೊತ್ತಿತ್ತು, ಒಳಗೊಳಗೇ ಕುದೀತಿದಾಳೆ ಅಂತ.”

ನಾಲ್ಕು ವರ್ಷ ಒಂದೇ ಸೂರಿನಡಿ ನಾನು ಅವರಿಗೆ ಹೆದರಿ ಬಾಯಿ ಮುಚ್ಚಿಕೊಂಡಿದ್ದೆ, ಅವರು ನನ್ನ ಮುಚ್ಚಿದ ಬಾಯಿಗೆ ಹೆದರಿಕೊಂಡಿದ್ದರು. ಅಷ್ಟರಲ್ಲಿ ನಮ್ಮವರು ಬಾಗಿಲಲ್ಲಿ ಕಾಣಿಸಿಕೊಂಡು, ಇಬ್ಬರ ಮುಖವನ್ನೂ ನೋಡಿ, ಬಂದ ಹಾಗೆಯೇ ಮರೆಯಾದರು. ಎರಡೂ ಕಡೆಯ ಗುಟ್ಟು ಗೊತ್ತಿದ್ದ ಮನೆಯ ಒಬ್ಬನೇ ಮನುಷ್ಯ ನನಗೆ ಮಾತ್ರ ಯಾಕೆ ಏನೂ ಹೇಳಲಿಲ್ಲವೆಂದು ಆಮೇಲೆ ಕೇಳಿದಾಗ, “ಯಾರ ಕಡೆ ಮಾತಾಡಿದ್ರೂ ಇನ್ನೊಬ್ರು ಬಿಡ್ತಿದ್ರಾ ನನ್ನ?” ಎಂದರು. ನನ್ನನ್ನು ಪುಕ್ಕಲಿ ಎಂದವರು ಅವರೇ.

“ಅತ್ತೆ, ಗೋಂದಲ್ಲಿ ಆಗಲ್ಲ. ಕಾಲೇಜಲ್ಲಿ ಬೆಸುಗೆ ಹಾಕಿದ್ರೆ ಸರಿಹೋಗಬಹುದು. ಆದ್ರೆ ಈಗಲೇ ಹೋಗ್ಬೇಕು. ದೇವೀನ ಹೇಗೆ...” ಎಂದೆ. ಅತ್ತೆ ಆಗಲೇ ಎದ್ದಾಗಿತ್ತು. ರಾಹುಕಾಲ ಶುರುವಾಗುವ ಮೊದಲೇ ಮುಗಿಸಬೇಕೆಂದು ಅವಸರದಲ್ಲಿ ದೀಪ ಹಚ್ಚಿ, ಹೂವು ಏರಿಸಿ, ಹಾಲು ಸಕ್ಕರೆ ನೈವೇದ್ಯ ಮಾಡಿ, ಕಲಶವನ್ನು ಉತ್ತರಕ್ಕೆ ಅಷ್ಟು ಸರಿಸಿದರು. “ಮತ್ತೆ ಬರೋ ವರ್ಷ ಬಾ ತಾಯೀ” ಎಂದು ಕೈಮುಗಿದರು. ಇಷ್ಟು ಬೇಗ ಮುಗಿಸಿದರೆ ದೇವಿ ತಪ್ಪು ತಿಳಿಯುವುದಿಲ್ಲವೇ ಎಂದು ನಾನು ಹೆದರುತ್ತ ಕೇಳಿದೆ. ಅತ್ತೆ ಆಂಟೆನಾದಿಂದ ಮಲ್ಲಿಗೆ ಹಾರ ಬಿಡಿಸುತ್ತ, “ಅವಳಿಗೆ ನಾನು ಸಮಾಧಾನ ಹೇಳ್ತೀನಿ ಬಿಡು. ಅವಳು ನಿನ್ನ ಥರ ಗುರಾಯಿಸಲ್ಲ” ಎಂದರು.

ಕಾಲೇಜು ಮುಟ್ಟಿ, ಡಬ್ಬಿ ಬಿಚ್ಚಿ ನೋಡಿದಾಗ ಇನ್ನೊಂದು ಆಘಾತ ಕಾದಿತ್ತು. ಮನೆಗೆ ಬಂದ ಯಾವ ಹೊಸ ವಸ್ತುವನ್ನೂ ನಮ್ಮ ಅತ್ತೆ ಅರಿಶಿನ ಕುಂಕುಮ ಹಚ್ಚದೆ ಬಳಸಿದವರಲ್ಲ. ಮಡಿಕೆಗಳ ಏರಿನ ಮೇಲೆಲ್ಲ ಅರಿಶಿನದ ಗೆರೆ ಎಳೆದಿದ್ದರು, ತಗ್ಗಿನಲ್ಲೆಲ್ಲ ಕುಂಕುಮದ ಬೊಟ್ಟು ಇಟ್ಟಿದ್ದರು. ಮನೆಯಲ್ಲಿ ಕಂಡಾಗ ಅದು ಪೂಜೆಯಲ್ಲಿ ಬಿದ್ದ ಪುಡಿ, ಕೊಡವಿದರೆ ಹೋಗುತ್ತದೆ ಎಂದುಕೊಂಡಿದ್ದೆ. ಒರೆಸಿದರೆ ಕಾಗದ ಕಿತ್ತುಬರುತ್ತಿತ್ತು, ಹಾಗೇ ಬಿಟ್ಟೆ. ತಂತಿಗೆ ಬೆಸುಗೆ ಹಾಕುವ ಅವಸರದಲ್ಲಿ ಬೆರಳು ಸುಟ್ಟುಕೊಂಡೆ. ಬೆಸುಗೆಯ ಹೊಗೆ ಆರುವ ಮೊದಲೇ ಬಾಗಿಲಲ್ಲಿ ಮೂವರು ಪ್ರೊಫೆಸರುಗಳು, ಅವರ ಹಿಂದೆ ಎಚ್.ಓ.ಡಿ. ಸಾಹೇಬರು. ನಮ್ಮ ಪರೀಕ್ಷೆಯ ಯಂತ್ರದ ಪರದೆಯಲ್ಲಿ ಒಂದು ಗೆರೆ ಮೂಡುತ್ತದೆ. ಆಂಟೆನಾ ಯಾವ ಅಲೆಗೆ ಕಿವಿಗೊಡುತ್ತದೋ ಆ ಜಾಗದಲ್ಲಿ ಗೆರೆ ಹಳ್ಳದ ಹಾಗೆ ತಗ್ಗುತ್ತದೆ. ಜೋಡಿಸಿದೆ. ಗೆರೆ ನೆಟ್ಟಗೆ ಮಲಗಿತ್ತು. ಹಳ್ಳವಿಲ್ಲ. ಎಚ್.ಓ.ಡಿ. ಸಾಹೇಬರ ಕೈ ಕನ್ನಡಕದ ಕಡೆಗೆ ಹೋಯಿತು. ನಾಲ್ಕು ತಿಂಗಳ ಕೆಲಸ, ಸಂಬಳ, ಮುಂದಿನ ದಾರಿ, ಎಲ್ಲ ಮುಗಿಯಿತೆಂದೇ ಅಂದುಕೊಂಡೆ. ಕನೆಕ್ಟರನ್ನು ಇನ್ನೊಂದು ಸುತ್ತು ಬಿಗಿ ಮಾಡಿದೆ. ಗೆರೆ ಒಮ್ಮೆ ಅಲುಗಾಡಿ, ನಿಧಾನವಾಗಿ ನಡುವೆ ತಗ್ಗಿತು. ಮಡಿಸಿದೆ. ಹಳ್ಳ ಪಕ್ಕಕ್ಕೆ ಸರಿಯಿತು. ಇನ್ನೂ ಮಡಿಸಿದೆ, ಇನ್ನೂ ಸರಿಯಿತು. ಬಿಚ್ಚಿದೆ, ಮೊದಲಿನ ಜಾಗಕ್ಕೇ ವಾಪಸ್ಸು ಬಂತು.

ಸಮಿತಿಯ ಹಿರಿಯರು, ಬಿಳಿ ಹುಬ್ಬಿನ ಮುದುಕರು, ಬಗ್ಗಿ ಆಂಟೆನಾವನ್ನು ಬಹಳ ಹೊತ್ತು ನೋಡಿದರು. ಈ ಹಳದಿ, ಈ ಕೆಂಪು ಏನು ಎಂದು ಇಂಗ್ಲಿಷಿನಲ್ಲಿ ಕೇಳಿದರು. ನನ್ನ ನಾಲಗೆ ಯಥಾಪ್ರಕಾರ ಅಂಟಿಕೊಂಡಿತು. ನಾನು ಅವರನ್ನೇ ನೋಡುತ್ತ ನಿಂತೆ. ನನ್ನ ನೋಟಕ್ಕೆ ಅವರಿಗೆ ಏನೆನ್ನಿಸಿತೋ, ಅವರೇ ಉತ್ತರವನ್ನೂ ಹೇಳಿದರು: ಓಹೋ, ಏರುವ ಮಡಿಕೆಗೆ ಹಳದಿ, ತಗ್ಗುವ ಮಡಿಕೆಗೆ ಕೆಂಪು, ಮಡಿಸುವವರಿಗೆ ಗೊಂದಲವಾಗಬಾರದೆಂದು ಗುರುತು, ಅಲ್ಲವೇ? ಎಚ್.ಓ.ಡಿ. ಸಾಹೇಬರು ನನಗಿಂತ ಮೊದಲೇ ತಲೆಯಾಡಿಸಿದರು. ಬಹಳ ಅಚ್ಚುಕಟ್ಟಾದ ಯೋಚನೆ, ಮುಂದೆ ಮಾಡುವ ಆಂಟೆನಾಗಳಲ್ಲೂ ಇದು ಇರಲಿ ಎಂದು ಹಿರಿಯರು ಸೂಚಿಸಿದರು. ಯೋಜನೆ ಮುಂದುವರಿಯಿತು, ನನ್ನ ಕೆಲಸವೂ ಉಳಿಯಿತು. ಸಮಿತಿಯ ಸೂಚನೆಯನ್ನು ಮೀರಲು ಧೈರ್ಯವಿಲ್ಲದ್ದರಿಂದ, ಆಮೇಲೆ ಮಾಡಿದ ಒಂದೊಂದು ಆಂಟೆನಾಕ್ಕೂ ನಾನು ಏರಿಗೆ ಹಳದಿ ಬಳಿದಿದ್ದೇನೆ, ತಗ್ಗಿಗೆ ಕೆಂಪು ಬೊಟ್ಟು ಇಟ್ಟಿದ್ದೇನೆ.

ಸಂಜೆ ಮನೆಗೆ ಬಂದಾಗ ಅತ್ತೆ ಗೇಟಿನಲ್ಲೇ ನಿಂತಿದ್ದರು. ನನ್ನ ಮುಖ ನೋಡಿ, “ಸದ್ಯ!” ಎಂದು ಕಣ್ಣೊರೆಸಿಕೊಂಡರು. ಅವತ್ತಿನಿಂದ ನಮ್ಮಿಬ್ಬರ ನಡುವೆ ಮಾತು ಸ್ವಲ್ಪ ಹೆಚ್ಚಾಯಿತು. ಆದರೂ ನನ್ನ ಡಬ್ಬಿ ಮುಟ್ಟುವ ಮೊದಲು ಅವರು ಎರಡು ಸಲ ಕೇಳುತ್ತಾರೆ. ನಾನು ಏನಾದರೂ ಯೋಚಿಸುತ್ತ ಸುಮ್ಮನೆ ಕೂತರೆ, ಕೇಳದೆಯೇ ಕಾಫಿ ಬರುತ್ತದೆ. ಹುಳಿಗೆ ಉಪ್ಪು ಸಾಕೋ ಎಂದು ನನ್ನ ಮುಖ ನೋಡುತ್ತಾರೆ. ಹುಟ್ಟಿದಾಗಿನಿಂದ ಎಲ್ಲರಿಗೂ ಹೆದರಿಕೊಂಡೇ ಬಂದವಳಿಗೆ, ತನಗೂ ಒಬ್ಬರು ಹೆದರುತ್ತಾರೆ ಎಂಬುದು ಎಷ್ಟು ಹಿತವಾಗಿರುತ್ತದೆಂದು ಧೈರ್ಯವಂತರಿಗೆ ಹೇಳಿದರೆ ಗೊತ್ತಾಗುವುದಿಲ್ಲ. ನನ್ನ ಆ ನೋಟದಲ್ಲಿ ಸಿಟ್ಟು ಒಂದು ಚೂರೂ ಇಲ್ಲ, ಇರುವುದೆಲ್ಲ ಬರೀ ಭಯ ಎಂದು ಅತ್ತೆಗೆ ಹೇಳಿಬಿಡಬೇಕು, ಅದೇ ನ್ಯಾಯ. ಎಷ್ಟೋ ಸಲ ಹೇಳಬೇಕೆಂದು ಅಡುಗೆಮನೆಯ ಬಾಗಿಲವರೆಗೂ ಹೋಗಿದ್ದೇನೆ. ಆದರೆ ಹೇಳಿದ ಮೇಲೆ ಅವರು ನನಗೆ ಹೆದರುವುದನ್ನೇ ಬಿಟ್ಟುಬಿಟ್ಟರೆ ಎಂದು ಹೆದರಿಕೆಯಾಗಿ, ಬಾಗಿಲಲ್ಲೇ ನಿಂತು ಸುಮ್ಮನೆ ಅವರನ್ನೊಮ್ಮೆ ನೋಡಿ ವಾಪಸ್ಸು ಬರುತ್ತೇನೆ.